ಹಾಲೆ ಅಂದರೆ ಎಷ್ಟು ಕಿವಿ

ನನ್ನ ಟಿಕ್ಕಿ,

ನಾನು ನಿನಗೆ ಪತ್ರ ಬರೆದವಳೇ ಅಲ್ಲ. ಬರೆದರೆ ಔಷಧಿ ಚೀಟಿಯ ಹಿಂದೆ ಎರಡು ಸಾಲು, ಅದೂ "ಹಾಲು ಕಾಯಿಸಿಡು, ಬರೋದು ತಡ" ಎನ್ನುವಂಥದ್ದು. ಇವತ್ತು ರಜೆ ಹಾಕಿ ಬೆಳಗಿನಿಂದ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದೇನೆ. ಎರಡು ಹಾಳೆ ಹರಿದು ಬಿಸಾಡಿ ಇದು ಮೂರನೆಯದು. ಫೋನು ಮಾಡಿದರೆ ನೀನು ಎಡಗಿವಿಗೆ ಹಿಡಿದು, ನಾನು ಬಾಯಿ ತೆರೆಯುವ ಮೊದಲೇ "ಚೆನ್ನಾಗಿದೀನಿ ಅಕ್ಕ, ಇಡ್ತೀನಿ" ಎಂದು ಇಟ್ಟುಬಿಡುತ್ತೀಯ. ಅಲ್ಲದೆ ಈಗ ಹೇಳಬೇಕಾದದ್ದನ್ನು ಫೋನಿನಲ್ಲಿ ಹೇಳುವ ಧೈರ್ಯ ನನಗಿಲ್ಲ.

ಹೋದ ವಾರ ನಿನ್ನ ಗಡಿಯಾರದಂಗಡಿಯ ಯಜಮಾನರು ನಮ್ಮ ಕ್ಲಿನಿಕ್ಕಿಗೆ ಬಂದಿದ್ದರು, ಕಿವಿಯ ಗುಗ್ಗೆ ತೆಗೆಸಲು. ಎರಡೂ ಕಿವಿ ಖಾಲಿಯಾದ ಮೇಲೆ ನನ್ನ ಮೇಜಿನ ಹತ್ತಿರ ನಿಂತು, ಊರಿಗೆಲ್ಲ ಕೇಳುವ ಹಾಗೆ ಮಾತಾಡಿದರು. ನೀನು ಇನ್ನು ಕೆಲಸಕ್ಕೆ ಬರುವುದಿಲ್ಲವೆಂದು ಬರೆದಿದ್ದೀಯಂತೆ. "ನನಗೆ ನನ್ನ ಕಿವಿಯ ಮೇಲೇ ನಂಬಿಕೆ ಹೋಗಿದೆ ಸರ್, ಇಲ್ಲದ್ದೆಲ್ಲ ಕೇಳಿಸುತ್ತೆ" ಎಂದಿದ್ದೀಯಂತೆ. ಪಾಪ, ಅವರು ಜೇಬಿನಿಂದ ಆ ಕಾಗದ ತೆಗೆದು ನನಗೆ ತೋರಿಸಿದರು. "ಗಡಿಯಾರ ಪರೀಕ್ಷೆ ಮಾಡೋ ಮಶೀನ್ ಇದೆ ಸಿಸ್ಟರ್, ಇಲ್ಲ ಅನ್ನಲ್ಲ. ಆದ್ರೆ ಮಶೀನು ನಂಬರ್ ಹೇಳುತ್ತೆ. ಅವಳು ಕಿವಿಗಿಟ್ಟುಕೊಂಡು ಇದು ಕುಂಟ್ತಿದೆ, ಇದಕ್ಕೆ ದಮ್ಮು ಅಂತ ಕಾಯಿಲೆನೇ ಹೇಳ್ತಿದ್ಲು" ಎಂದರು. ತಿಂಗಳ ಕೊನೆಯ ತನಕ ನಿನ್ನ ಕುರ್ಚಿ ಖಾಲಿ ಇಡುತ್ತಾರೆ. ಒಂದನೇ ತಾರೀಖಿಗೆ ಇನ್ನೊಬ್ಬರನ್ನು ಕೂರಿಸಲೇಬೇಕು ಎಂದರು.

ಇಲ್ಲದ್ದು ಕೇಳಿಸುತ್ತದೆ ಎಂದು ನಿನ್ನ ತಲೆಗೆ ತುಂಬಿದವಳು ನಾನು. ಆ ಮಾತನ್ನು ವಾಪಸು ತೆಗೆದುಕೊಳ್ಳುವುದಕ್ಕೇ ಈ ಪತ್ರ. ಹೇಳುವುದು ಎರಡಿದೆ. ಒಂದು ನನ್ನ ತಪ್ಪು. ಇನ್ನೊಂದು ಯಾರದ್ದು ಎಂದು ನನಗೆ ಗೊತ್ತಿಲ್ಲ.

ಬಲಗಿವಿಯ ಮೇಲ್ಗಡೆ ಚುಚ್ಚಿಸಿಕೊಂಡು ಬಂದ ದಿನ ನೀನು ಕೂದಲು ಹಿಂದಕ್ಕೆ ಸರಿಸಿ ಸರಿಸಿ ತೋರಿಸಿದ್ದೆ. ಎಳ್ಳಿನಷ್ಟು ನೀಲಿ ಕಲ್ಲು. "ಗನ್ನಲ್ಲಿ ಟಕ್ ಅಂತ ಹೊಡೆದ್ರು ಅಕ್ಕ, ಇರುವೆ ಕಚ್ಚಿದಷ್ಟೂ ನೋವಾಗ್ಲಿಲ್ಲ" ಎಂದೆ. ಮೂವತ್ತನಾಲ್ಕಕ್ಕೆ ಬಂದ ಚಪಲ ಎಂದು ನಾನು ನಕ್ಕೆ. ಆ ಗನ್ನು ಕಿವಿಯ ಕೆಳಗಿನ ಮೆತ್ತಗಿನ ಭಾಗಕ್ಕೆ ಸರಿ, ಮೇಲಿನ ಗಟ್ಟಿ ಭಾಗವನ್ನು ಅದು ಚುಚ್ಚುವುದಿಲ್ಲ, ಜಜ್ಜುತ್ತದೆ. ಹದಿನೆಂಟು ವರ್ಷ ಕಿವಿ ವಾರ್ಡಿನಲ್ಲಿ ದುಡಿದ ನನಗೆ ಅದು ಗೊತ್ತಿತ್ತು. ಗೊತ್ತಿದ್ದೂ ಚೆನ್ನಾಗಿ ಕಾಣುತ್ತೆ ಕಣೇ ಎಂದೆ, ಯಾಕೆಂದರೆ ನಿಜವಾಗಿಯೂ ಚೆನ್ನಾಗಿ ಕಾಣುತ್ತಿತ್ತು. ಎಂಟನೇ ದಿನ ನೀನು ಈಜುಕೊಳಕ್ಕೆ ಹೋದೆ. ಆಮೇಲೆ ಎಲ್ಲರೂ ಅದನ್ನೇ ಹಿಡಿದುಕೊಂಡರು, ನಾನೂ ಸೇರಿ.

ಈಜಿ ಬಂದ ಎರಡನೇ ದಿನ ಕಿವಿ ಕೆಂಪಾಯಿತು. ಅದೇ ದಿನದಿಂದ ಮೇಲಿನ ಮನೆಯಲ್ಲಿ ಹೆಜ್ಜೆ ಸದ್ದು ಶುರುವಾಯಿತು.

ನಿನ್ನ ಆ ಬಾಡಿಗೆ ಕೋಣೆ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಲಾಂಡ್ರಿಯ ಹಿಂದುಗಡೆ, ಮೊದಲ ಮಹಡಿ, ಕಿಟಕಿ ತೆಗೆದರೆ ಇಸ್ತ್ರಿಯ ಬಿಸಿ ವಾಸನೆ. ಮೇಲಿನ ಕೋಣೆಗೆ ಮೂರು ವರ್ಷದಿಂದ ಬೀಗ. ಮನೆ ಮಾಲೀಕಮ್ಮ ಅದರಲ್ಲಿ ಕಾಲು ಮುರಿದ ಕುರ್ಚಿಗಳನ್ನು ತುಂಬಿಟ್ಟಿದ್ದರು. ನೀನು ಜ್ವರ ಬಂದು ಮಧ್ಯಾಹ್ನ ಅಂಗಡಿಯಿಂದ ಬಂದು ಮಲಗಿದರೆ, ಆ ಮುರುಕು ಕುರ್ಚಿಗಳ ಕೋಣೆಯಲ್ಲಿ ಯಾರೋ ಗೋಡೆಯಿಂದ ಕಿಟಕಿಗೆ, ಕಿಟಕಿಯಿಂದ ಗೋಡೆಗೆ ನಡೆಯುತ್ತಿದ್ದರು. ಬೇರೆಯವರಾಗಿದ್ದರೆ ಹೆದರಿ ಓಡುತ್ತಿದ್ದರು. ನೀನು ಸ್ಟಾಪ್‌ವಾಚ್ ಹಿಡಿದು ಎಣಿಸಿದೆ. ಮಂಗಳವಾರ ನಿಮಿಷಕ್ಕೆ ಎಂಬತ್ತನಾಲ್ಕು. ಬುಧವಾರ ತೊಂಬತ್ತು. ಗುರುವಾರ ತೊಂಬತ್ತಾರು.

ಗುರುವಾರ ಹನ್ನೊಂದೂವರೆಗೆ ನೀನು ಫೋನು ಮಾಡಿದೆ. ಡ್ಯೂಟಿಯಲ್ಲಿ ನನ್ನ ಫೋನು ಲಾಕರಿನಲ್ಲಿರುತ್ತದೆ ಎಂದು ಗೊತ್ತಿದ್ದು ಕ್ಲಿನಿಕ್ಕಿನ ನಂಬರಿಗೇ ಮಾಡಿದೆ. ಅಕ್ಕನಾಗಿ ಮಾತಾಡಿದ್ದರೆ "ಬಾಯಿ ಮುಚ್ಚಿಕೊಂಡು ಆಟೋ ಹತ್ತಿ ಬಾ" ಎನ್ನುತ್ತಿದ್ದೆನೋ ಏನೋ. ಅವತ್ತು ನಾನು ಮೇಜಿನ ಹಿಂದಿನ ಸಿಸ್ಟರ್. ಮೂರು ಜನ ಕಾಯುತ್ತಿದ್ದರು, ಪಕ್ಕದ ಫೋನು ಬಡಿದುಕೊಳ್ಳುತ್ತಿತ್ತು. ಮುಂದೆ ಪ್ರಶ್ನೆಗಳ ಹಾಳೆ. ಹೊರಕಿವಿ ಕೆಂಪಾಗಿ ಊದಿದೆ ಎಂದು ಯಾರಾದರೂ ಫೋನು ಮಾಡಿದರೆ ಆರು ಪ್ರಶ್ನೆ ಕೇಳಬೇಕು. ನಾಲ್ಕನೆಯದೇ ಮುಖ್ಯ: ಹಾಲೆಯೂ ಕೆಂಪಾಗಿದೆಯೇ? ಹೌದು ಎಂದರೆ ಬರೀ ಚರ್ಮದ ಸೋಂಕು. ಡ್ಯೂಟಿ ಡಾಕ್ಟರು ಮಾಮೂಲಿ ಮಾತ್ರೆ ಬರೆಯುತ್ತಾರೆ, ಮೂರು ದಿನ ನೋಡಬಹುದು. ಇಲ್ಲ ಎಂದರೆ ಅದೇ ದಿನ, ಅದೇ ಗಳಿಗೆ ಆಸ್ಪತ್ರೆಗೆ ಕಳಿಸಬೇಕು.

ಯಾಕೆ ಎಂದು ಆಗ ನಿನಗೆ ಯಾರೂ ಬಿಡಿಸಿ ಹೇಳಲಿಲ್ಲ. ಈಗ ನಾನು ಹೇಳುತ್ತೇನೆ, ನಿನ್ನ ಕಿವಿ ತಾನೇ. ಕಿವಿಯ ಮೇಲ್ಭಾಗವನ್ನು ಮಡಚಿ ಬಿಟ್ಟರೆ ಮತ್ತೆ ನೆಟ್ಟಗಾಗುತ್ತದಲ್ಲ, ಅಲ್ಲಿ ಒಳಗಿರುವುದು ಮೃದ್ವಸ್ಥಿ. ಅದಕ್ಕೆ ಸ್ವಂತದ ರಕ್ತನಾಳವಿಲ್ಲ. ಮೇಲೆ ಅಂಟಿಕೊಂಡ ತೆಳು ಪೊರೆಯಿಂದಲೇ ಅದರ ಊಟ. ಪೊರೆಗೂ ಅದಕ್ಕೂ ನಡುವೆ ಕೀವು ತುಂಬಿದರೆ ಊಟ ನಿಂತು ಅದು ಸಾಯುತ್ತದೆ. ಸತ್ತದ್ದು ಮತ್ತೆ ಬೆಳೆಯುವುದಿಲ್ಲ. ಕೆಳಗೆ ಓಲೆ ಹಾಕುವ ಮೆತ್ತನೆಯ ತುಣುಕಿನಲ್ಲಿ ಮೃದ್ವಸ್ಥಿಯೇ ಇಲ್ಲ. ಹಾಗಾಗಿ ಕಿವಿಯೆಲ್ಲ ಉರಿದು ಆ ತುಣುಕೊಂದು ಸುಮ್ಮನಿದ್ದರೆ, ರೋಗ ಒಳಗಿನದ್ದು ಎಂದು ತಿಳಿಯಬೇಕು. ಅದನ್ನು ಮಾಡುವ ಕ್ರಿಮಿ ಹೆಚ್ಚಾಗಿ ನೀರಿನಲ್ಲಿ ಬದುಕುವಂಥದ್ದು. ಮಾಮೂಲಿ ಮಾತ್ರೆಗೆ ಅದು ಕ್ಯಾರೇ ಅನ್ನುವುದಿಲ್ಲ.

ಹಾಳೆಯಲ್ಲಿ ಹಾಲೆ ಎಂದು ಬರೆದವಳು ನಾನೇ, ಟಿಕ್ಕಿ. ಡಾಕ್ಟರು ಇಂಗ್ಲಿಷಿನಲ್ಲಿ ಕೊಟ್ಟದ್ದನ್ನು ಕನ್ನಡ ಮಾಡಿಕೊಡು ಎಂದಿದ್ದರು. ಓಲೆ ಹಾಕುವ ತುಣುಕಿಗೆ ನರ್ಸಿಂಗ್ ಕಲಿಯುವಾಗ ನಾವೆಲ್ಲ ಹಾಲೆ ಎನ್ನುತ್ತಿದ್ದೆವು, ಹಾಗೇ ಬರೆದೆ. ನಮ್ಮ ಮನೆಯಲ್ಲಿ ಹಾಲೆ ಅಂದರೆ ಏನಿತ್ತು, ನೆನಪು ಮಾಡಿಕೋ. ಅಮ್ಮ "ಹಾಲೆ ಹಿಡಿದು ತಿರುಚ್ತೀನಿ" ಎಂದು ಬರುವಾಗ ಹಿಡಿಯುತ್ತಿದ್ದದ್ದು ಇಡೀ ಕಿವಿಯನ್ನು. ನಿನ್ನ ವಿಜ್ಞಾನದ ಪುಸ್ತಕದಲ್ಲೂ ತಲೆಯಿಂದ ಹೊರಗೆ ಕಾಣುವ ಕಿವಿಯೆಲ್ಲ ಹಾಲೆಯೇ. ನಿನಗೆ ಪರೀಕ್ಷೆಗೆ ಆ ಚಿತ್ರ ಬಿಡಿಸಿಕೊಟ್ಟು, ಬಾಣ ಎಳೆದು, ಪಕ್ಕದಲ್ಲಿ ಹೆಸರು ಬರೆದವಳೂ ನಾನೇ. ನೀನು ಮನೆಯ ಮಾತಿನಲ್ಲಿ ಉತ್ತರ ಕೊಟ್ಟೆ. ನಾನು ಮೇಜಿನ ಮಾತಿನಲ್ಲಿ ಕೇಳಿಸಿಕೊಂಡೆ. "ಹಾಲೆಯೆಲ್ಲ ಕೆಂಪಗಿದೆ ಅಕ್ಕ" ಎಂದೆ ನೀನು. ಹೌದು ಎನ್ನುವ ಕಡೆ ನಾನು ಗುರುತು ಹಾಕಿದೆ.

ಸೋಮವಾರ ನಿನ್ನ ಕೋಣೆಗೆ ಬಂದಾಗ ನೀನು ಗೋಡೆಗೆ ಬೆನ್ನು ಕೊಟ್ಟು, ಛಾವಣಿ ನೋಡುತ್ತಾ ಕೂತಿದ್ದೆ. "ಶ್, ನೂರಾ ಹನ್ನೆರಡು" ಎಂದೆ. ನಾನು ನೋಡಿದ್ದು ಕಿವಿಯನ್ನು. ಅದು ತಲೆಯಿಂದ ಸಿಡಿದು ನಿಂತಿತ್ತು, ಒಂದು ಮಡಿಕೆಯೂ ಕಾಣದ ಹಾಗೆ ಉಬ್ಬಿ ಹೊಳೆಯುತ್ತಿತ್ತು, ನೀಲಿ ಕಲ್ಲು ಒಳಗೆ ಹೂತುಹೋಗಿತ್ತು. ಅದರ ಕೆಳಗೆ ಆ ತುಣುಕು ಮಾತ್ರ ಎಂದಿನ ಬಣ್ಣದಲ್ಲಿ, ಯಾರದ್ದೋ ಬೇರೆಯವರ ಕಿವಿಯಿಂದ ತಂದು ಅಂಟಿಸಿದ ಹಾಗಿತ್ತು. ಮುಟ್ಟಿದೆ. ತಣ್ಣಗಿತ್ತು. ಆಟೋ ಹಿಡಿದು ನಿನ್ನನ್ನು ಆಸ್ಪತ್ರೆಗೆ ಕರೆದೊಯ್ದೆ.

ಕಿವಿ ಡಾಕ್ಟರು ಎರಡು ಬೆರಳಲ್ಲಿ ಆ ತುಣುಕನ್ನು ಹಿಡಿದು "ಇಲ್ಲಿ ನೋವಿದೆಯಾ ಅಮ್ಮ" ಎಂದರು. ಇಲ್ಲ ಎಂದೆ ನೀನು. ಅವರು ನನ್ನ ಮುಖ ನೋಡಿದರು. "ಇವರು ಹಾಲೆ ಕೆಂಪಗಿದೆ ಅಂದಿದ್ರು ಡಾಕ್ಟ್ರೇ, ನಾನು ಬರ್ಕೊಂಡಿದೀನಿ" ಎಂದುಬಿಟ್ಟೆ. ನಿನ್ನೆದುರಿಗೇ. ರಕ್ತನಾಳಕ್ಕೆ ಔಷಧಿ ಏರಿಸಿದರು, ಸೀಳಿ ಕೀವು ತೆಗೆದರು, ಸತ್ತ ಚೂರುಗಳನ್ನು ತೆಗೆದರು, ಮಡಿಕೆ ಮಡಿಕೆಗೆ ಹತ್ತಿ ಒತ್ತಿ ಪಟ್ಟಿ ಕಟ್ಟಿದರು. ಗುರುವಾರವೇ ಸರಿಯಾದ ಔಷಧಿ ಬಿದ್ದಿದ್ದರೆ ಕಿವಿ ಬಹುಶಃ ಹಾಗೇ ಉಳಿಯುತ್ತಿತ್ತು ಎಂದು ಡಾಕ್ಟರು ಕಾರಿಡಾರಿನಲ್ಲಿ ನನಗೆ ಹೇಳಿದರು. ನಿನಗೆ ನಾನು ಅದನ್ನು ದಾಟಿಸಲೇ ಇಲ್ಲ. ಬದಲಿಗೆ "ಸರಿಯಾಗಿ ಹೇಳಬೇಕಿತ್ತು, ಆ ಕೊಳಕ್ಕೆ ಯಾಕೆ ಹೋದೆ" ಎಂದು ನಿನ್ನನ್ನೇ ಬೈದೆ. ಪಟ್ಟಿ ಬಿಚ್ಚಿದಾಗ ಕಿವಿಯ ಮೇಲಿನ ಅರ್ಧ ಮುದುಡಿಕೊಂಡಿತ್ತು.

ಆಸ್ಪತ್ರೆಯಲ್ಲೂ ಕೇಳಿಸುತ್ತಿದೆ ಎಂದು ನೀನು ಹೇಳುತ್ತಿದ್ದ ಹೆಜ್ಜೆ ಸದ್ದು ಕೀವು ತೆಗೆದ ಮಾರನೇ ದಿನ ನಿಂತಿತು. ಆಗ ನನಗೆ ಬುದ್ಧಿ ಓಡಿತು. ಕಿವಿ ಊದಿ ದಾರಿ ಮುಚ್ಚಿಕೊಂಡರೆ ಒಳಗಿನ ನಾಡಿ ಬಡಿತವೇ ದೊಡ್ಡದಾಗಿ ಕೇಳಿಸುತ್ತದೆ. ಎಂಬತ್ತನಾಲ್ಕು, ತೊಂಬತ್ತು, ತೊಂಬತ್ತಾರು, ಜ್ವರ ಏರಿದ ಹಾಗೆ ನಾಡಿ ಏರಿದ ಲೆಕ್ಕ ಅದು. "ನಿನ್ನ ರಕ್ತದ ಸದ್ದು ಕಣೇ, ಯಾವ ದೆವ್ವಾನೂ ಅಲ್ಲ" ಎಂದು ವಾರ್ಡಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಪಕ್ಕದ ಮಂಚದವರೂ ನಕ್ಕರು. ನೀನು "ಆದ್ರೆ ಬಲಗಾಲು ಎಳೀತಿದ್ರು ಅಕ್ಕ" ಎಂದೆ, ಸಣ್ಣ ದನಿಯಲ್ಲಿ. ನಾಡಿಗೆ ಎಡಗಾಲು ಬಲಗಾಲು ಇರುತ್ತಾ ಎಂದು ನಾನು ಮತ್ತೆ ನಗಿಸಿದೆ. ಡಿಸ್ಚಾರ್ಜ್ ಆದ ಮೇಲೆ ನೀನು ಸಾಮಾನು ಕಟ್ಟಿಕೊಂಡು ಚಿಕ್ಕಮ್ಮನ ಊರಿಗೆ ಹೋದೆ. ಕಿವಿ ಕೇಳಿಸುವುದರಲ್ಲಿ ಕೂದಲೆಳೆಯಷ್ಟೂ ಕೊರತೆ ಇಲ್ಲವೆಂದು ಪರೀಕ್ಷೆ ಮಾಡಿ ಬರೆದುಕೊಟ್ಟಿದ್ದರೂ ಒಂದು ಗಡಿಯಾರವನ್ನೂ ಮತ್ತೆ ಆ ಕಿವಿಗೆ ಹಿಡಿಯಲಿಲ್ಲ.

ಯಜಮಾನರು ಬಂದು ಹೋದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ನೀನು ಅವತ್ತು ಏನು ಹೇಳಿದ್ದೆ, ನಾನು ಏನು ಕೇಳಿದ್ದೆ, ಅದನ್ನು ಕಿವಿಯಾರೆ ಕೇಳಬೇಕು ಅನ್ನಿಸಿತು. ಕ್ಲಿನಿಕ್ಕಿನ ಎಲ್ಲ ಫೋನೂ ರೆಕಾರ್ಡ್ ಆಗುತ್ತದೆ. ಅದನ್ನು ನೋಡಿಕೊಳ್ಳುವವರು ನೆಲಮಾಳಿಗೆಯಲ್ಲಿ ಕೂರುವ ಟೇಪ್ ಮಾಮ. ಈಗ ಟೇಪೂ ಇಲ್ಲ ಏನೂ ಇಲ್ಲ, ಎಲ್ಲ ಕಂಪ್ಯೂಟರು, ಹೆಸರು ಮಾತ್ರ ಉಳಿದಿದೆ. ಶುಕ್ರವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಕೆಳಗಿಳಿದೆ. ತಾರೀಖು ಹೇಳಿದೆ. ಯಾರ ಫೋನೆಂದು ಹೇಳಲಿಲ್ಲ.

ಮೊದಲು ನಿನ್ನ ದನಿ ಬಂತು. ಜ್ವರದಲ್ಲೂ ಎಷ್ಟು ಅಚ್ಚುಕಟ್ಟಾಗಿ ಮಾತಾಡಿದ್ದೀಯ. "ಹಾಲೆಯೆಲ್ಲ ಕೆಂಪಗಿದೆ ಅಕ್ಕ. ಕೆಳಗಡೆ ಮೆತ್ತಗಿರೋದು ಮಾತ್ರ" ಎನ್ನುತ್ತಿದ್ದೆ. ಅಷ್ಟರಲ್ಲಿ ನನ್ನ ದನಿ ಮಧ್ಯೆ ನುಗ್ಗಿ, "ಸರಿ ಸರಿ, ಹಾಲೆ ಕೆಂಪಗಿದೆ, ಮುಂದೆ" ಎಂದಿತು. ನೀನು ಸರಿಯಾಗಿಯೇ ಹೇಳಿದ್ದೆ. ಉಳಿದ ಅರ್ಧ ವಾಕ್ಯ ಮುಗಿಸಲು ನಾನು ಬಿಟ್ಟಿದ್ದರೆ ನಿನ್ನ ಕಿವಿ ಉಳಿಯುತ್ತಿತ್ತು. ಅಳು ಬಂತು, ಟೇಪ್ ಮಾಮನ ಮುಂದೆ ಅಳಬಾರದೆಂದು ಮೂಗು ಒರೆಸಿಕೊಂಡೆ. ಆಗ ಅವರು ತಲೆ ವಾರೆ ಮಾಡಿ ಕೇಳುತ್ತಾ, "ಸಿಸ್ಟರ್, ಆ ಕಡೆ ಯಾರು ನಡೀತಿರೋದು?" ಎಂದರು.

ನಾನು ಏನನ್ನೂ ಹೇಳಿರಲಿಲ್ಲ ಟಿಕ್ಕಿ. ಅವರಿಗೆ ನಿನ್ನ ಕೋಣೆ ಗೊತ್ತಿಲ್ಲ, ನಿನ್ನ ಹೆಜ್ಜೆಗಳ ಕಥೆ ಗೊತ್ತಿಲ್ಲ. ದನಿ ಹೆಚ್ಚು ಮಾಡಿದರು. ನಿನ್ನ ಮಾತಿನ ಹಿಂದೆ, ಮೇಲಿನಿಂದ, ಮರದ ನೆಲದ ಮೇಲೆ ಕಾಲಿಟ್ಟ ಹಾಗೆ. ಒಂದು ಹೆಜ್ಜೆ ಸರಿಯಾಗಿ ಬೀಳುತ್ತದೆ. ಎರಡನೆಯದು ಸ್ವಲ್ಪ ಎಳೆದು ಬೀಳುತ್ತದೆ. ಗೋಡೆಯ ಗಡಿಯಾರ ನೋಡಿಕೊಂಡು ಎಣಿಸಿದೆ. ತೊಂಬತ್ತಾರು. ನಾಡಿಯ ಸದ್ದು ನಿನ್ನ ತಲೆಯೊಳಗೆ ಕೇಳಿಸಬಹುದು, ಫೋನಿನಲ್ಲಿ ಬರುವುದಿಲ್ಲ. ನಿನ್ನ ರಕ್ತದ ಲೆಕ್ಕಕ್ಕೇ ಸರಿಯಾಗಿ ಹೆಜ್ಜೆ ಹಾಕುತ್ತಾ ಬೀಗ ಹಾಕಿದ ಕೋಣೆಯಲ್ಲಿ ಯಾರು ನಡೆಯುತ್ತಾರೆ ಎಂದು ನನ್ನನ್ನು ಕೇಳಬೇಡ.

ಇನ್ನೂ ಇದೆ. ರೆಕಾರ್ಡಿಂಗಿನಲ್ಲಿ ನೀನು ಹೆಜ್ಜೆಗಳ ಮಾತೆತ್ತುತ್ತೀಯ, ನಾನು "ಚಪ್ಪಲಿ ಬಿಟ್ಟು ನಡೀರಿ ಅಂತ ಹೇಳು ಅವ್ರಿಗೆ" ಎಂದು ನಕ್ಕು, ಡಾಕ್ಟರು ಬರೆದ ಮಾತ್ರೆಯ ಹೆಸರು ಹೇಳಿ ಫೋನು ಇಡುತ್ತೇನೆ. ಇಟ್ಟ ಸದ್ದೂ ಕೇಳುತ್ತದೆ. ಮುಗಿಯಿತು ಎಂದು ಏಳಹೊರಟೆ. "ಇರಿ ಸಿಸ್ಟರ್, ಆ ಕಡೆಯವರು ಇಡೋ ತನಕ ಓಡ್ತಾ ಇರುತ್ತೆ" ಎಂದರು ಟೇಪ್ ಮಾಮ. ಹೆಜ್ಜೆಗಳು ಇನ್ನೂ ಒಂಬತ್ತು ಬಿದ್ದವು. ನಿಂತವು. ಆಮೇಲೆ ನೀನು ಪಿಸುಗುಟ್ಟಿದೆ, "ಅಕ್ಕ, ನಿಂತುಬಿಟ್ರು. ಇದೀಯಾ?"

"ಹ್ಞೂಂ" ಎಂದಿತು ಒಂದು ದನಿ.

ಟೇಪ್ ಮಾಮ ನಗುತ್ತಾ, "ನೀವೇ ಅಲ್ವಾ" ಎಂದರು. ನನ್ನ ಹಾಗೇ ಇತ್ತು. ನೀನು ಸಣ್ಣವಳಿದ್ದಾಗ ಕತೆ ಹೇಳುತ್ತಾ ಹೇಳುತ್ತಾ ನಾನು ನಿದ್ದೆ ಹೋಗಿ, ನೀನು ಅಲುಗಾಡಿಸಿದಾಗ ಎಳೆದು ಹ್ಞೂಂ ಎನ್ನುತ್ತಿದ್ದೆನಲ್ಲ, ಹಾಗೆ. ಆ ದಿನದ ಫೋನುಗಳ ಪಟ್ಟಿಯನ್ನು ನಾನೇ ಹುಡುಕಿ ತೆಗೆದೆ. ಆ ಹೊತ್ತಿಗೆ ನಾನು ಪಕ್ಕದ ಫೋನಿನಲ್ಲಿದ್ದೆ, ಗಂಟಲು ನೋವಿನ ಮಗುವಿನ ತಾಯಿಗೆ ಉಪ್ಪುನೀರು ಮುಕ್ಕಳಿಸುವುದನ್ನು ಹೇಳಿಕೊಡುತ್ತಿದ್ದೆ. ಅದೂ ರೆಕಾರ್ಡ್ ಆಗಿದೆ, ನಿಮಿಷ ಸೆಕೆಂಡಿನ ಸಮೇತ. ಆಪರೇಷನ್ ಆದ ದಿನ ಮಂಪರಿನಲ್ಲಿ ನೀನು ನನ್ನ ಕೈ ಹಿಡಿದು, "ಅವತ್ತು ಫೋನಲ್ಲಿ ಕೊನೇಲಿ ಹ್ಞೂಂ ಅಂದ್ಯಲ್ಲ ಅಕ್ಕ, ಅದಕ್ಕೇ ಧೈರ್ಯ ಬಂತು" ಎಂದಿದ್ದೆ. ಏನು ಎತ್ತ ಗೊತ್ತಾಗದಿದ್ದರೂ ನಾನು ನಿನ್ನ ತಲೆ ಸವರಿ ಒಪ್ಪಿಕೊಂಡಿದ್ದೆ. ಅದು ನಾನಲ್ಲ.

ಇದನ್ನು ಫೋನಿನಲ್ಲಿ ಹೇಗೆ ಹೇಳಲಿ, ಆ ಕಡೆ ಇರುವವಳು ನಾನೇ ಎಂದು ನಿನಗೆ ಹೇಗೆ ಗೊತ್ತಾಗಬೇಕು? ಈ ಕಾಗೆ ಕಾಲಿನ ಅಕ್ಷರ ಮಾತ್ರ ಇನ್ಯಾರಿಗೂ ಬರುವುದಿಲ್ಲ. ಹೆದರಿಸಲು ಬರೆದದ್ದಲ್ಲ. ಹೆದರಿರುವವಳು ನಾನು, ಮೂರು ದಿನದಿಂದ ಸ್ನಾನದ ಮನೆಯ ಬಾಗಿಲು ಹಾಕಿಕೊಂಡಿಲ್ಲ. ಆದರೂ ಈ ಭಯಕ್ಕಿಂತ ನಾಚಿಕೆಯೇ ಹೆಚ್ಚಾಗಿದೆ. ಅದು ಯಾರೇ ಆಗಿರಲಿ, ನೀನು ಕೇಳಿದಾಗ ಅಲ್ಲಿತ್ತು. ಕೇಳಿಸಿಕೊಳ್ಳುವುದೇ ಕೆಲಸವಾಗಿರುವ ನಾನು ಫೋನು ಇಟ್ಟು ಹೋಗಿದ್ದೆ.

ನಿನ್ನ ಕಿವಿ ಸರಿಯಾಗಿದೆ. ಅವತ್ತೂ ಸರಿಯಾಗಿತ್ತು. ಬಲಗಾಲು ಎಳೆಯುತ್ತಿದ್ದರು, ನಾನೂ ಕೇಳಿದ್ದೇನೆ. ಆಸ್ಪತ್ರೆಯಲ್ಲಿ ನಾನು ಹೇಳಿದ್ದು ಸುಳ್ಳೆಂದು, ಗುರುವಾರದ ತಪ್ಪು ಪೂರ್ತಿ ನನ್ನದೆಂದು ಡಾಕ್ಟರಿಗೆ ಬರೆದುಕೊಟ್ಟಿದ್ದೇನೆ. ಹಾಳೆಯಲ್ಲಿ ಆ ಪದ ಹೊಡೆದು ಹಾಕಿ "ಓಲೆ ಹಾಕುವ ಮೆತ್ತನೆಯ ಜಾಗ" ಎಂದು ಬರೆದು ಚಿತ್ರವನ್ನೂ ಅಂಟಿಸಿದ್ದೇನೆ. ಕೆಲಸ ಉಳಿಯುತ್ತದೋ ಇಲ್ಲವೋ ಮುಂದಿನ ವಾರ ಗೊತ್ತಾಗುತ್ತದೆ. ನಿನ್ನ ಕುರ್ಚಿ ಮಾತ್ರ ಹೋಗಕೂಡದು. ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಸೋಮವಾರ ಇಬ್ಬರೂ ಅಂಗಡಿಗೆ ಹೋಗೋಣ. ನಿನ್ನನ್ನು ಆ ಕೋಣೆಗೆ ಕಳಿಸುವುದಿಲ್ಲ, ನನ್ನ ಮನೆಯಲ್ಲಿರು. ಏನು ಕೇಳಿಸಿದರೂ ಹೇಳು, ನೀನು ಮುಗಿಸುವ ತನಕ ನಾನು ಬಾಯಿ ಹಾಕುವುದಿಲ್ಲ.

ನಿನ್ನ ಎರಡೂ ಕಿವಿ ತಣ್ಣಗಿರಲಿ, ನಿನಗೆ ಒಳ್ಳೆಯದಾಗಲಿ. ಭಾನುವಾರ ಬಾಗಿಲು ತಟ್ಟಿದ ಸದ್ದಾದರೆ ಕೂಡಲೇ ತೆಗೆಯಬೇಡ, ಒಳಗಿನಿಂದಲೇ ಯಾರು ಎಂದು ಕೇಳು. ಬರೀ ಹ್ಞೂಂ ಎಂದರೆ ತೆಗೆಯಬೇಡ. ನಾನಾದರೆ ಪೂರ್ತಿ ಮಾತಾಡುತ್ತೇನೆ.

ಇತಿ,
ನಿನ್ನ ಅಕ್ಕ